ಯಾರ ಗೇಣು?

ನೋಯ್ಡಾದಿಂದ ದೆಹಲಿಗೆ ಹೋಗುವ ಮೆಟ್ರೋದಲ್ಲಿ ಒಬ್ಬರ ಸೀಟಿನ ಅಗಲ ಎರಡು ಗೇಣು. ಇದು ನನಗೆ ಗೊತ್ತಿರುವುದು ಅಳೆದು ನೋಡಿದ್ದರಿಂದ. ಅಳೆಯುವಾಗ ನನ್ನ ಕೈ ಕಂಬಳಿಹುಳುವಿನ ಹಾಗೆ ತಮ್ಮ ತೊಡೆಯ ಕಡೆಗೆ ತೆವಳಿಕೊಂಡು ಬರುತ್ತಿರುವುದನ್ನು ಪಕ್ಕದಲ್ಲಿದ್ದ ಮಹನೀಯರು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ, "ಭಾಯ್ ಸಾಬ್, ಕ್ಯಾ ಚಾಹಿಯೇ?" ಎಂದು ಕೇಳಿದರು. ಏನೂ ಬೇಡ, ಬರೀ ವಿಸ್ತೀರ್ಣ ಎನ್ನಬೇಕೆಂದುಕೊಂಡೆ. ಹೇಳುವ ಧೈರ್ಯವಾಗದೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹಿಂದೆ ಬರುವ ಗಾಡಿಗೆ ಕಾದೆ.

ಇದು ನನ್ನ ಹಳೆಯ ಚಟ. ಬ್ಯಾಗಿನಲ್ಲಿ ಸ್ಕೇಲು ಇರುತ್ತದೆ, ಫೋನಿನಲ್ಲಿ ಅಳೆಯುವ ಆ್ಯಪ್ ಇದೆ, ಆದರೂ ಏನನ್ನು ಕಂಡರೂ ಅಂಗೈ ಬಿಚ್ಚಿ ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಒಂದು ಗೇಣು, ಎರಡು ಗೇಣು ಎಂದು ಎಣಿಸದಿದ್ದರೆ ನನಗೆ ಸಮಾಧಾನವಿಲ್ಲ. ನನ್ನ ಗೇಣು ಇಪ್ಪತ್ತೆರಡು ಸೆಂಟಿಮೀಟರು. ಇದನ್ನು ಮಾತ್ರ ಸ್ಕೇಲಿನಲ್ಲಿ ನೋಡಿಕೊಂಡಿದ್ದೇನೆ.

ನಾನು ದೆಹಲಿಯ ಒಂದು ಕಾಲೇಜಿನಲ್ಲಿ ಗಣಿತ ಹೇಳುವವನು. ಸಾಕ್ಷಿಯಿಲ್ಲದೆ ಏನನ್ನೂ ನಂಬಬೇಡಿ ಎನ್ನುವುದು ನಾನು ಮಕ್ಕಳಿಗೆ ಮಾಡುವ ಮೊದಲ ಉಪದೇಶ. ಮನೆಯಲ್ಲಿ ಹಾಲು ಒಡೆದಿದೆ ಎಂದರೂ ಎಲ್ಲಿ, ತೋರಿಸು ಎನ್ನುತ್ತೇನೆ. ಹೆಂಡತಿ ತೋರಿಸುತ್ತಾಳೆ, ಆಮೇಲೆ ಆ ಹಾಲನ್ನು ನನಗೇ ಕೊಡುತ್ತಾಳೆ. ಜ್ಯೋತಿಷ್ಯ, ಜಾಹೀರಾತು, ಪ್ರಿನ್ಸಿಪಾಲರ ಭರವಸೆ, ಹವಾಮಾನ ವರದಿ, ಯಾವುದನ್ನೂ ನಾನು ಬಿಟ್ಟಿಲ್ಲ. ಅನುಮಾನಿಸದೆ ಬಿಟ್ಟದ್ದು ಒಂದೇ: ಪ್ರತಿ ವರ್ಷ ಮೊದಲ ತರಗತಿಯಲ್ಲಿ ನಾನು ಹೇಳುವ ನನ್ನ ಇಡ್ಲಿ ಕಥೆ.

ಕಥೆ ಹೀಗಿದೆ. ನಮ್ಮ ಚಿಕ್ಕಪ್ಪನ ಮದುವೆಯಾಗಿ ಬೀಗರು ಮೊದಲ ಸಲ ಮನೆಗೆ ಬರುವವರಿದ್ದರು. ಹನ್ನೆರಡು ಜನ. ನಮ್ಮ ಮನೆಯ ಇಡ್ಲಿ ಬಟ್ಟಲುಗಳು ತೀರ ಸಣ್ಣವು, ಅದರಲ್ಲಿ ಬೆಂದ ಇಡ್ಲಿಯನ್ನು ಬೀಗರ ಎಲೆಗೆ ಹಾಕುವುದಕ್ಕೆ ಅಮ್ಮನಿಗೆ ನಾಚಿಕೆ. ಅಪ್ಪ ಪಾತ್ರೆ ಅಂಗಡಿಗೆ ಹೋಗಿ ಹನ್ನೆರಡು ಹೊಸ ತಟ್ಟೆ ತಂದರು. "ಎಲ್ಲಾ ಕಡೆಯಿಂದಲೂ ಹಳೆಯದರ ಎರಡರಷ್ಟಿದೆ. ಅಕ್ಕಿ, ಉದ್ದು ಎರಡರಷ್ಟು ನೆನೆಹಾಕು, ಆಯಿತು" ಎಂದರು. ಅಮ್ಮ ಹಾಗೇ ಮಾಡಿದರು. ಮಾಮೂಲಿಗೆ ಹನ್ನೆರಡು ಇಡ್ಲಿಯಾಗುವ ಹಿಟ್ಟಿನ ಬದಲು ಇಪ್ಪತ್ತನಾಲ್ಕು ಇಡ್ಲಿಯ ಹಿಟ್ಟು. ಬೆಳಿಗ್ಗೆ ಹುಯ್ಯಲು ಕೂತರೆ ಮೂರನೇ ತಟ್ಟೆ ತುಂಬುವಷ್ಟರಲ್ಲಿ ಪಾತ್ರೆ ಖಾಲಿ. ಹೊರಗೆ ಜಮಖಾನೆಯ ಮೇಲೆ ಹನ್ನೆರಡು ಜನ ಬೀಗರು. ಅಪ್ಪ ಒರಳನ್ನು ಬೈದರು. ಅಮ್ಮ ಅಕ್ಕಿಯನ್ನು ಬೈದರು. ಅಜ್ಜಿ, ಹಿಟ್ಟಿಗೆ ಯಾರದೋ ಕಣ್ಣು ಬಿದ್ದಿದೆ ಎಂದು ಮೆಣಸಿನಕಾಯಿ ಹುಡುಕಲು ಹೋದರು.

ಆಗ ಏಳು ವರ್ಷದ ನಾನು ಮುಂದೆ ಬರುತ್ತೇನೆ. ಹಳೆಯ ಬಟ್ಟಲಿನ ಮೇಲೆ ಕೈಯಿಡುತ್ತೇನೆ: ಅರ್ಧ ಗೇಣು. ಹೊಸ ತಟ್ಟೆಯ ಮೇಲೆ ಇಡುತ್ತೇನೆ: ಸರಿಯಾಗಿ ಒಂದು ಗೇಣು. ಹಳೆಯದರ ಎತ್ತರ ಒಂದು ಬೆರಳು, ಹೊಸದರದ್ದು ಎರಡು. "ಅಪ್ಪಾ, ಉದ್ದಕ್ಕೆ ಎರಡರಷ್ಟು, ಅಡ್ಡಕ್ಕೂ ಎರಡರಷ್ಟು, ಎತ್ತರಕ್ಕೂ ಎರಡರಷ್ಟು. ಹಾಗಾದರೆ ಒಂದು ತಟ್ಟೆಗೆ ಎಂಟು ಬಟ್ಟಲು ಹಿಟ್ಟು ಬೇಕು." ಅಪ್ಪ ನಗುತ್ತಾರೆ. ಆಮೇಲೆ ಹಳೆಯ ಬಟ್ಟಲಿನಲ್ಲಿ ನೀರು ತುಂಬಿ ತುಂಬಿ ಹೊಸ ತಟ್ಟೆಗೆ ಸುರಿಯುತ್ತಾರೆ. ಏಳಾದರೂ ತುಂಬುವುದಿಲ್ಲ. ಎಂಟನೆಯದಕ್ಕೆ ಅಂಚು ಮುಟ್ಟುತ್ತದೆ. ಅಪ್ಪ ನನ್ನ ತಲೆ ಸವರಿ, "ಇವನು ಗಣಿತದಲ್ಲಿ ದೊಡ್ಡವನಾಗುತ್ತಾನೆ" ಎನ್ನುತ್ತಾರೆ. ಬೀಗರು ಅವತ್ತು ಉಪ್ಪಿಟ್ಟು ತಿನ್ನುತ್ತಾರೆ.

ಇಲ್ಲಿಗೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಈ ಕಥೆಯಲ್ಲಿ ನನ್ನ ವಯಸ್ಸು ಮೊದಲು ಒಂಬತ್ತು ಇತ್ತು. ಕೆಲವು ವರ್ಷಗಳಲ್ಲಿ ಎಂಟಾಯಿತು, ಈಚೆಗೆ ಏಳಕ್ಕೆ ನಿಂತಿತ್ತು. ಇಳಿಸಿದ್ದು ನಾನಲ್ಲ, ಚಪ್ಪಾಳೆ.

ಹಾಗೆಂದು ಅಳತೆಯ ವಿಷಯದಲ್ಲಿ ನಾನು ಮೋಸ ಹೋಗಿಲ್ಲವೆಂದು ತಿಳಿಯಬೇಡಿ. ನೋಯ್ಡಾದಲ್ಲಿ ನಾವೀಗ ಇರುವ ಫ್ಲ್ಯಾಟು ಕೊಳ್ಳುವ ಮುಂಚೆ ಬಿಲ್ಡರು ನಮ್ಮನ್ನು ಮಾದರಿ ಫ್ಲ್ಯಾಟಿಗೆ ಕರೆದುಕೊಂಡು ಹೋಗಿದ್ದ. ಮಲಗುವ ಕೋಣೆಯಲ್ಲಿ ಮಂಚ, ಅದರ ಎರಡೂ ಕಡೆ ಮೇಜು, ಸುತ್ತ ಓಡಾಡಲು ಜಾಗ. ಅರಮನೆಯ ಹಾಗಿತ್ತು. ಅಂಗೈ ಬಿಚ್ಚಿ ಗೋಡೆಯನ್ನೆಲ್ಲ ಅಳೆದೆ, ಕಂಬ ಅಳೆದೆ, ಬಚ್ಚಲಿನ ಬಾಗಿಲು ಅಳೆದೆ. ಮಂಚವನ್ನು ಅಳೆಯಲಿಲ್ಲ, ಮಂಚ ಎಲ್ಲೆಲ್ಲೂ ಮಂಚದಷ್ಟೇ ಇರುತ್ತದಲ್ಲ. ಮನೆಗೆ ಬಂದ ಮೇಲೆ ನಮ್ಮ ಮಂಚ ಹಾಕಿದರೆ ಬಾಗಿಲು ತೆಗೆಯಲಿಲ್ಲ. ಆಗ ತಿಳಿಯಿತು, ಮಾದರಿ ಫ್ಲ್ಯಾಟಿನ ಮಂಚವನ್ನೇ ಮುಕ್ಕಾಲು ಅಳತೆಗೆ ಮಾಡಿಸಿಟ್ಟಿರುತ್ತಾರೆ. ಅದರಲ್ಲಿ ಮಲಗಬೇಕಾದರೆ ನಾವೂ ಮುಕ್ಕಾಲು ಆಗಬೇಕು. ತೂಕದಲ್ಲಿ ಹೇಳುವುದಾದರೆ ಅರ್ಧಕ್ಕಿಂತ ಕಡಿಮೆ. ಮಗಳು, "ಅಪ್ಪಾ, ಯೂ ಟೀಚ್ ದಿಸ್, ನಾ?" ಎಂದು ಕೇಳಿದಳು. ಮಕ್ಕಳನ್ನು ಓದಿಸಬಾರದು.

ಈಗ ಇಡ್ಲಿಗೆ ಬರುತ್ತೇನೆ. ನಮ್ಮ ಕಡೆಯ ಸೆಕ್ಟರುಗಳಲ್ಲಿ ಎರಡು ಕನ್ನಡ ಸಂಘಗಳಿವೆ. ಮೊದಲು ಒಂದಿತ್ತು. ಒಂದು ಎರಡಾದಾಗ ಸದಸ್ಯರು ಅರ್ಧವಾದರು, ಅಧ್ಯಕ್ಷರು ಎರಡರಷ್ಟಾದರು, ಜಗಳ ನಾಲ್ಕರಷ್ಟಾಯಿತು. ಆ ಇನ್ನೊಂದು ಸಂಘದವರು ಹಿಂದಿನ ರಾಜ್ಯೋತ್ಸವಕ್ಕೆ ಮೂರು ಮಹಡಿ ಎತ್ತರದ ಬಾವುಟ ಇಳಿಬಿಟ್ಟಿದ್ದರು. ಅದಕ್ಕೆ ಉತ್ತರ ಕೊಡಲೇಬೇಕಾಗಿತ್ತು. ನಮ್ಮ ಸಂಘದ ಕಾರ್ಯದರ್ಶಿ ಇರ್ಫಾನ್ ಶಿವಮೊಗ್ಗದ ಹುಡುಗ, ಐಟಿ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರು. ಎರಡು ಮಕ್ಕಳ ತಂದೆಯಾದರೂ ನನಗೆ ಹುಡುಗನೇ. ಅಕ್ಟೋಬರಿನ ಒಂದು ಭಾನುವಾರ ಕ್ಲಬ್‌ಹೌಸಿನಲ್ಲಿ ಸಭೆ ಸೇರಿಸಿ ಲ್ಯಾಪ್‌ಟಾಪು ತೆರೆದ.

"ಸಾರ್, ಐಡಿಯಾ ಏನಂದ್ರೆ, ಇಡೀ ದೆಹಲಿ ಎನ್‌ಸಿಆರ್‌ನಲ್ಲೇ ದೊಡ್ಡ ಇಡ್ಲಿ. ಮಾಮೂಲಿ ತಟ್ಟೆ ಇಡ್ಲಿ ಇರತ್ತಲ್ಲ, ಅದರ ನಾಲ್ಕರಷ್ಟು. ಉದ್ದ, ಅಗಲ, ದಪ್ಪ ಎಲ್ಲಾ ನಾಲ್ಕರಷ್ಟು, ಪ್ರಪೋರ್ಷನ್ ಕೆಡಬಾರದು. ಅರವತ್ತು ಮನೆಯವರಿಗೂ ಒಂದೊಂದು ಪೀಸ್. ಶೀಟ್ ರೆಡಿ ಇದೆ."

ಶೀಟಿನಲ್ಲಿ ಹಸಿರು ಬಣ್ಣದ ಚೌಕದೊಳಗೆ, ಹಿಟ್ಟು: ನಾಲ್ಕು ತಟ್ಟೆ, ಎಂದಿತ್ತು.

"ಇರ್ಫಾನ್, ನಾಲ್ಕು ತಟ್ಟೆ ಹಿಟ್ಟನ್ನು ಅರವತ್ತು ಮನೆಗೆ ಹಂಚಿದರೆ ಒಬ್ಬೊಬ್ಬರಿಗೆ ಬರೋದು ತೀರ್ಥ," ಎಂದೆ.

"ಹಾಗಾದ್ರೆ ಎಷ್ಟು ಸಾರ್?"

"ಅರವತ್ತನಾಲ್ಕು ತಟ್ಟೆ."

ಸಭೆ ಸ್ತಬ್ಧವಾಯಿತು. ಇಂಥ ಮೌನ ನನಗೆ ಕಾಲೇಜಿನಲ್ಲಿ ಸಿಗುವುದಿಲ್ಲ. ಅದನ್ನು ವ್ಯರ್ಥ ಮಾಡಬಾರದೆಂದು ನನ್ನ ಇಡ್ಲಿ ಕಥೆಯನ್ನು ಪೂರ್ತಿಯಾಗಿ ಹೇಳಿದೆ. ಮುಗಿಯುವಾಗ ನನ್ನ ವಯಸ್ಸು ಆರೂವರೆ ಆಗಿತ್ತು. ಆ ಸಂಜೆಯೇ ವಾಟ್ಸಾಪಿನಲ್ಲಿ ಪೋಸ್ಟರು ಬಂತು: ಮಹಾ ಇಡ್ಲಿ, ವೈಜ್ಞಾನಿಕ ಸಲಹೆಗಾರರು, ಪಕ್ಕದಲ್ಲಿ ನನ್ನ ಫೋಟೋ. ಅದನ್ನು ನಾಲ್ಕು ಮೂಲೆ ಹಿಡಿದು ಎಳೆಯದೆ ಬರೀ ಅಡ್ಡಕ್ಕೆ ಎಳೆದಿದ್ದರು. ಮುಖ ತಟ್ಟೆಯ ಹಾಗಿತ್ತು.

"ನಿಮ್ಮ ಕಥೇಲಿರೋ ಒರಿಜಿನಲ್ ತಟ್ಟೆ ಇದೆಯಾ ಸಾರ್? ಅದನ್ನೇ ಅಳತೆಗೆ ಇಟ್ಕೊಳ್ಳೋಣ," ಎಂದ ಇರ್ಫಾನ್.

ಇತ್ತು. ಹನ್ನೆರಡರಲ್ಲಿ ಒಂದು ಉಳಿದಿತ್ತು, ನಮ್ಮ ವನಜಕ್ಕನ ಹತ್ತಿರ.

ಅಕ್ಕ ನನಗಿಂತ ಆರೂವರೆ ವರ್ಷ ದೊಡ್ಡವಳು. ಇಪ್ಪತ್ತೊಂದಕ್ಕೆ ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಗುಮಾಸ್ತೆಯಾಗಿ ದೆಹಲಿಗೆ ಬಂದಳು. ಬರುವಾಗ ತಂದ ಸಾಮಾನಿನಲ್ಲಿ ಆ ತಟ್ಟೆಯೂ ಇತ್ತು. ಮದುವೆಯಾಗಲಿಲ್ಲ, ಯಾಕೆಂದು ಕೇಳಿದರೆ, "ಫೈಲು ಮೇಲಿನಿಂದ ಬರಲಿಲ್ಲ" ಎನ್ನುತ್ತಾಳೆ. ಲೋಧಿ ಕಾಲೋನಿಯಲ್ಲಿ ಅವಳಿಗೆ ಕ್ವಾರ್ಟರ್ಸು ಸಿಕ್ಕಿದ ಮೇಲೆ ನಾನು ಇಲ್ಲಿ ಓದಲು ಬಂದೆ. ಆರು ವರ್ಷ ಅವಳ ಅಡುಗೆಮನೆಯ ಕಿಟಕಿಯ ಪಕ್ಕ ಕೂತು ಓದಿದೆ, ಅವಳು ಮಾಡಿ ಹಾಕಿದ್ದನ್ನು ತಿಂದೆ. ಇಂದಿಗೂ ನನ್ನನ್ನು ಪುಟ್ಟ ಎಂದೇ ಕರೆಯುತ್ತಾಳೆ. ಐವತ್ಮೂರು ವರ್ಷದ, ಎಂಬತ್ತೈದು ಕಿಲೋ ತೂಗುವ ಮನುಷ್ಯನನ್ನು ಲೋಧಿ ಕಾಲೋನಿಯ ಬೇವಿನ ಮರಗಳ ನಡುವೆ ಒಬ್ಬಾಕೆ ಗಟ್ಟಿಯಾಗಿ ಪುಟ್ಟಾ ಎಂದು ಕೂಗಿದರೆ ದಾರಿಹೋಕರು ನಾಯಿ ಎಲ್ಲಿದೆ ಎಂದು ನೋಡುತ್ತಾರೆ.

ನವೆಂಬರ್ ಕೊನೆಗೆ ಅಕ್ಕನ ನಿವೃತ್ತಿ. ಮನೆ ಅರ್ಧ ಪೆಟ್ಟಿಗೆಯೊಳಗೆ ಹೋಗಿತ್ತು. ಫೋನು ಮಾಡಿ ವಿಷಯ ಹೇಳಿದೆ.

"ಯಾವ ಪೆಟ್ಟಿಗೇಲಿದೆಯೋ ತಟ್ಟೆ, ಹುಡುಕಬೇಕು ಕಣೋ. ಹಿಟ್ಟಿನ ಉಸ್ತುವಾರಿ ನಾನೇ ನೋಡ್ಕೋತೀನಿ ಅಂತ ಆ ಹುಡುಗನಿಗೆ ಹೇಳು. ಎಷ್ಟು ತಟ್ಟೆ ಅಂದೆ?"

"ಅರವತ್ತನಾಲ್ಕು."

"ಹ್ಞೂಂ, ನಾಲ್ಕು ನಾಲ್ಕಲ ನಾಲ್ಕಲ," ಎಂದಳು. ಅವಳು ಅದನ್ನು ಹೇಳಿದ ವೇಗ ನನ್ನ ಕಿವಿಗೆ ಬಿತ್ತು. ಮನಸ್ಸಿಗೆ ಬೀಳಲಿಲ್ಲ.

ತಟ್ಟೆ ಸಿಗುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ನನ್ನ ಕಥೆಯಲ್ಲೇ ಅಳತೆಯಿದೆಯಲ್ಲ: ಒಂದು ಗೇಣು ಅಗಲ, ಎರಡು ಬೆರಳು ಎತ್ತರ. ನೋಯ್ಡಾದ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ತಗಡಿನ ಕೆಲಸ ಮಾಡುವ ಒಬ್ಬ ಮುದುಕರ ಹತ್ತಿರ ಹೋದೆ. ನಾಲ್ಕರಷ್ಟು ಎಂದರೆ ನಾಲ್ಕು ಗೇಣು ಅಗಲ, ಎಂಟು ಬೆರಳು ಆಳ. ಅವರ ಮುಂದಿದ್ದ ತಗಡಿನ ಮೇಲೆ ಅಂಗೈಯಿಟ್ಟು ನಾಲ್ಕು ಸಲ ತೆವಳಿಸಿ ತೋರಿಸಿದೆ.

"ಇಂಚ್ ಮೇ ಬತಾಯಿಯೇ, ಬಾಬೂಜಿ."

"ಇಂಚ್ ಬೇಡ ಭಯ್ಯಾ, ಇದೇ ಅಳತೆ. ಪಕ್ಕಾ."

ಮುದುಕರು ನಿಟ್ಟುಸಿರು ಬಿಟ್ಟು, ಟೇಪು ತೆಗೆದು, ತಗಡನ್ನು ಬಿಟ್ಟು ನನ್ನ ಕೈಯನ್ನೇ ಅಳೆದುಕೊಂಡರು. "ಬಡಾ ಹಾಥ್ ಹೈ ಆಪ್ ಕಾ," ಎಂದರು. ಕೈ ದೊಡ್ಡದು ಎಂದದ್ದನ್ನು ನಾನು ಹೊಗಳಿಕೆಯೆಂದು ತೆಗೆದುಕೊಂಡೆ.

ಕಾರ್ಯಕ್ರಮ ನವೆಂಬರಿನ ಕೊನೆಯ ಭಾನುವಾರ. ದೆಹಲಿಯ ಚಳಿಗೆ ಇಡ್ಲಿ ಹಿಟ್ಟು ಹುಳಿ ಬರುವುದೆಂದರೆ ಸರ್ಕಾರಿ ಕಡತ ಮುಂದಕ್ಕೆ ಹೋದಂತೆ, ಬೆಚ್ಚಗಿನ ಕೈ ಬೇಕು. ಅಕ್ಕ ಹಿಂದಿನ ದಿನ ಬೆಳಿಗ್ಗೆಯೇ ತಟ್ಟೆ ಹಿಡಿದುಕೊಂಡು ಬಂದು, ಆರು ಮನೆಗಳ ಗ್ರೈಂಡರಿನಲ್ಲಿ ರುಬ್ಬಿಸಿ, ಡಬ್ಬಿಗಳಿಗೆಲ್ಲ ರಜಾಯಿ ಸುತ್ತಿಸಿ ಗೀಸರಿನ ಕೆಳಗೆ ಇರಿಸಿದ್ದಳು. ಬೆಳಿಗ್ಗೆ ನಾನು ಹುಲ್ಲುಹಾಸಿಗೆ ಬರುವಷ್ಟರಲ್ಲಿ ಹಿಟ್ಟು ಉಬ್ಬಿ ನಗುತ್ತಿತ್ತು. ಸಿಹಿ ಅಂಗಡಿಯ ಹಲ್ವಾಯಿಯಿಂದ ತಂದ, ಹಾಲು ಕಾಯಿಸುವ ದೊಡ್ಡ ಕಡಾಯಿಯಲ್ಲಿ ನೀರು ಕುದಿಯುತ್ತಿತ್ತು. ಅದರೊಳಗೆ ನನ್ನ ನಾಲ್ಕು ಗೇಣಿನ ತಗಡಿನ ತಟ್ಟೆಯನ್ನು ಇಳಿಸಿದ್ದರು. ಅಕ್ಕ ಹಳೆಯ ತಟ್ಟೆಯಲ್ಲಿ ತುಂಬಿ ತುಂಬಿ ಹಿಟ್ಟು ಹುಯ್ಯುತ್ತಿದ್ದಳು. ಇರ್ಫಾನ್ ಮೈಕಿನಲ್ಲಿ ಎಣಿಸುತ್ತಿದ್ದ. ಮಕ್ಕಳು ಜೊತೆಗೂಡಿ ಕೂಗುತ್ತಿದ್ದವು.

"ಅರವತ್ತೆರಡು! ಅರವತ್ಮೂರು! ಅರವತ್ತ... ನಾಲ್ಕು!"

ಚಪ್ಪಾಳೆ ಬಿತ್ತು. ಆಮೇಲೆ ಎಲ್ಲರೂ ಬಗ್ಗಿ ನೋಡಿದರು. ಹಿಟ್ಟು ಆಳದ ಅರ್ಧಕ್ಕೂ ಬಂದಿರಲಿಲ್ಲ. ಮೂರರಲ್ಲೊಂದು ಭಾಗ ಇತ್ತೋ ಏನೋ.

ಇರ್ಫಾನ್ ಮೈಕನ್ನು ಆರಿಸಿ, "ಸಾರ್, ಲೆಕ್ಕ?" ಎಂದು ಪಿಸುಗುಟ್ಟಿದ.

"ಲೆಕ್ಕ ಸರಿಯಿದೆ," ಎಂದೆ. ಅಪ್ಪ ಒರಳನ್ನು ಬೈದದ್ದು ನೆನಪಾಯಿತು. "ಹಿಟ್ಟು ಸರಿಯಾಗಿ ಉಬ್ಬಿಲ್ಲವೇನೋ."

ಅಕ್ಕ ನನ್ನ ಕಡೆ ನೋಡಲಿಲ್ಲ. ಹಳೆಯ ತಟ್ಟೆಯ ತಳವನ್ನು ಸೆರಗಿನಿಂದ ಒರೆಸಿ, ತಗಡಿನ ತಟ್ಟೆಯ ಅಂಚಿಗೆ ಒತ್ತಿಹಿಡಿದು ಕಣ್ಣಿನಲ್ಲೇ ಅಳೆದಳು. ಅದು ಆ ಬಯಲಿನ ಮೂಲೆಯಲ್ಲಿ ಅಂಗಿಯ ಗುಂಡಿಯ ಹಾಗೆ ಕಂಡಿತು.

"ಯಾರ ಗೇಣು ಕೊಟ್ಟೆಯೋ ಪುಟ್ಟ?"

"ನನ್ನದೇ. ತಟ್ಟೆ ಒಂದು ಗೇಣು ತಾನೇ?"

"ಇಟ್ಟು ನೋಡು."

ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ಅಂಗೈ ಬಿಚ್ಚಿಟ್ಟೆ. ಹೆಬ್ಬೆರಳು ಒಂದು ಅಂಚಿನಲ್ಲಿದ್ದರೆ ಕಿರುಬೆರಳು ಇನ್ನೊಂದು ಅಂಚನ್ನು ದಾಟಿ ಗಾಳಿಯಲ್ಲಿತ್ತು. ನಲವತ್ತೈದು ವರ್ಷ ನಾನು ಕಥೆಯಲ್ಲಿ ಹಿಡಿದುಕೊಂಡಿದ್ದ ತಟ್ಟೆ ಅಂಗೈಯೊಳಗೆ ಆಟದ ಸಾಮಾನಿನ ಹಾಗೆ ಕೂತಿತು. ಹದಿನೈದು ಸೆಂಟಿಮೀಟರು, ಬ್ಯಾಗಿನಿಂದ ಸ್ಕೇಲು ತೆಗೆದು ನೋಡಿದೆ. ಗೇಣು, ಬೆರಳು ಎನ್ನುವ ಅಳತೆಗಳು ಮನುಷ್ಯನ ಜೊತೆ ಬೆಳೆಯುತ್ತವೆ, ತಟ್ಟೆ ಬೆಳೆಯುವುದಿಲ್ಲ; ಗಣಿತದ ಮೇಷ್ಟರಿಗೆ ಇಷ್ಟು ಹೊಳೆದಿರಲಿಲ್ಲ. ನನ್ನ ತಗಡಿನ ತಟ್ಟೆ ತುಂಬಬೇಕಾದರೆ ಅರವತ್ತನಾಲ್ಕಲ್ಲ, ಇನ್ನೂರು ತಟ್ಟೆ ಹಿಟ್ಟು ಬೇಕಾಗಿತ್ತು.

"ಈಗೇನು ಮಾಡೋದು ಮೇಡಮ್?" ಇರ್ಫಾನ್ ಅಕ್ಕನನ್ನು ಕೇಳಿದ. ನನ್ನನ್ನು ಕೇಳಲಿಲ್ಲ.

"ಮುಚ್ಚಿ ಬೇಯಿಸಪ್ಪ. ಅಗಲವಾಯ್ತು, ತೆಳ್ಳಗಾಯ್ತು, ಒಳ್ಳೇದೇ ಆಯ್ತು. ಇವನ ಲೆಕ್ಕದ ಹಾಗೆ ನಾಲ್ಕರಷ್ಟು ದಪ್ಪ ಇದ್ದಿದ್ರೆ ಹಬೆ ನಡುವಿಗೆ ಹೋಗ್ತಿರಲಿಲ್ಲ. ಮೇಲೆ ಇಡ್ಲಿ, ಒಳಗೆ ಹಿಟ್ಟು. ತಟ್ಟೆ ಇಡ್ಲಿ ಯಾಕೆ ತಟ್ಟೆ ಥರ ಇರತ್ತೆ ಅಂದ್ಕೊಂಡಿದ್ದೀರಿ? ಮುಕ್ಕಾಲು ಗಂಟೆ ಬಿಡಿ."

ಕಡಾಯಿಗೆ ಒದ್ದೆ ಬಟ್ಟೆ ಹೊದಿಸಿ ಮುಚ್ಚಿದರು. ಅಕ್ಕ ಬಿಸಿಲಿನಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಳು. ನಾನೂ ಪಕ್ಕದಲ್ಲಿ ಕೂತೆ, ತಟ್ಟೆ ಕೈಯಲ್ಲೇ ಇತ್ತು. ಸಂದೇಹ ಒಂದು ಸಲ ಹೊಕ್ಕರೆ ನನ್ನಲ್ಲಿ ಸುಮ್ಮನಿರುವುದಿಲ್ಲ. ಇದು ಹದಿನೈದು ಸೆಂಟಿಮೀಟರು. ಆರೂವರೆ, ಏಳು ವರ್ಷದ ಮಗುವಿನ ಗೇಣು ಇಷ್ಟು ಬರುವುದಿಲ್ಲ. ಕಥೆಯಲ್ಲಿ ಸರಿಯಾಗಿ ಒಂದು ಗೇಣು ಇದೆ.

"ಅಕ್ಕ, ಚಿಕ್ಕಪ್ಪನ ಮದುವೆಯಾದಾಗ ನನಗೆ ಎಷ್ಟು ವರ್ಷ?"

"ಮೂರೂವರೆ."

"ಛೆ, ಇರಲಾರದು."

"ನನಗೆ ಹತ್ತು. ಕಳೆದು ನೋಡ್ಕೋ. ನೀನು ಪ್ರೊಫೆಸರು."

ಕಳೆದು ನೋಡಿದೆ. ಮೂರೂವರೆಯೇ. ಚಪ್ಪಾಳೆಗೆ ಮಣಿದು ನಾನು ಇನ್ನೂ ಹತ್ತು ವರ್ಷಗಳ ಕಾಲ ವಯಸ್ಸನ್ನು ಇಳಿಸುತ್ತ ಹೋಗಿದ್ದರೆ ನಿಜಕ್ಕೆ ತಲುಪುತ್ತಿದ್ದೆ.

"ಹಾಗಾದರೆ ಅವತ್ತು ತಟ್ಟೆ ಮೇಲೆ ಕೈಯಿಟ್ಟದ್ದು?"

ಅಕ್ಕ ಬಿಸಿಲಿಗೆ ಕಣ್ಣು ಮುಚ್ಚಿಕೊಂಡೇ, "ನಾನು ಕಣೋ," ಎಂದಳು. ಬಹಳ ಮಾಮೂಲಿಯಾಗಿ, ಫೋನು ಯಾರದು ಎಂದರೆ ಹಾಲಿನವನದು ಎನ್ನುವ ಹಾಗೆ.

"ನಾನು ಅಲ್ಲಿರಲೇ ಇಲ್ಲವಾ?"

"ಇದ್ದೆ. ಹಿಟ್ಟಿನ ಪಾತ್ರೆ ಖಾಲಿಯಾಯ್ತಲ್ಲ, ಅದರೊಳಗೆ ಇಳಿದು ಕೂತಿದ್ದೆ. ಬರಿಮೈಲಿ. ತಳದಲ್ಲಿ ಉಳಿದಿದ್ದನ್ನ ಬಳಿದು ತಿಂತಿದ್ದೆ. ಎತ್ತಿದರೆ ಅಳ್ತಿದ್ದೆ, ಬಿಟ್ಟುಬಿಟ್ವಿ."

ಅಪ್ಪನ ಕೈ ನನ್ನ ತಲೆಯ ಮೇಲೆ ಆಡಿದ್ದು ಇವತ್ತಿಗೂ ಗೊತ್ತಾಗುತ್ತದೆ, ಬೆರಳುಗಳ ಒರಟು ಕೂಡ. ಅದು ಯಾವಾಗಿನದು? ತಲೆಯಿಂದ ಹಿಟ್ಟು ಒರೆಸಿದ್ದೇ?

"ಎಂಟನೇ ಬಟ್ಟಲಿಗೆ ತಟ್ಟೆ ತುಂಬಿತಲ್ಲ, ಆಗ ಅಪ್ಪ ನಿನಗೆ ಏನಂದರು?"

"'ಸರಿ, ಹೋಗಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚು' ಅಂದರು."

"ನಾನು ಕಾಲೇಜಲ್ಲಿ ಈ ಕಥೆ ಹೇಳ್ತೀನಿ ಅಂತ ನಿನಗೆ..."

"ಗೊತ್ತು. ನಮ್ಮ ಸೆಕ್ಷನ್ನಿನ ಮಿಶ್ರಾ ಅವರ ಮಗಳು ನಿನ್ನ ಸ್ಟೂಡೆಂಟು. ಎಂಟೊಂಬತ್ತು ವರ್ಷ ಆಯ್ತು. ಆಫೀಸಿಗೆ ಬಂದು, 'ಆಂಟಿ, ಆಪ್ ಕೇ ಭಾಯಿ ತೋ ಬಚ್‌ಪನ್ ಸೇ ಜೀನಿಯಸ್ ಹೈಂ' ಅಂತ ಪೂರ್ತಿ ಕಥೆ ಹೇಳಿದಳು. ಟೀ ಕುಡಿಸಿ ಕಳಿಸಿದೆ."

"ಅಲ್ಲ ಅಕ್ಕ, ನೀನು ಆಗಲೇ ನನಗೆ ಹೇಳಬಾರದಿತ್ತಾ?"

"ನೀನು ಸುಳ್ಳು ಹೇಳ್ತಿದ್ದೀ ಅಂತ ನನಗೆ ಅನ್ನಿಸಲಿಲ್ಲ. ಮನೇಲಿ ಆ ಕಥೆ ಎಷ್ಟು ಸಲ ಹೇಳಿಲ್ಲ! ಕೇಳ್ತಾ ಕೇಳ್ತಾ ನೀನು ಅದರೊಳಗೂ ಇಳಿದು ಕೂತುಬಿಟ್ಟೆ, ಪಾತ್ರೆಗೆ ಇಳಿದ ಹಾಗೆ. ಎತ್ತಿದರೆ ಅಳ್ತೀಯ." ಕಣ್ಣು ತೆರೆದು, "ಒಂದು ಸಲ ರಜೆ ಹಾಕಿ ನಿನ್ನ ಕ್ಲಾಸಿಗೆ ಬರಬೇಕು, ಹಿಂದಿನ ಬೆಂಚಲ್ಲಿ ಕೂತು ಕೇಳಬೇಕು ಅಂತ ಆಸೆ ಇತ್ತು. ನಾನು ಮಾಡಿದ್ದು ಹೇಗೆ ಕಾಣತ್ತೆ ಅಂತ. ಆಮೇಲೆ ಬೇಡ ಅನ್ನಿಸ್ತು," ಎಂದಳು.

ಅಷ್ಟರಲ್ಲಿ ಕಡಾಯಿಯ ಹತ್ತಿರ ಗದ್ದಲವಾಯಿತು. ಮುಚ್ಚಳ ತೆಗೆದರೆ ಹುಣ್ಣಿಮೆಯಂಥ ಬಿಳಿ. ಇರ್ಫಾನ್ ನಡುಮಧ್ಯಕ್ಕೆ ಚಾಕು ಹಾಕಿ ಎತ್ತಿ ತೋರಿಸಿದ: ಒಂದು ಚೂರು ಹಿಟ್ಟು ಅಂಟಿರಲಿಲ್ಲ. ಅರವತ್ತು ಮನೆಯವರು ಕುಣಿದರು. ನನ್ನನ್ನು ವೇದಿಕೆಗೆ ಎಳೆದೊಯ್ದು ಮೈಸೂರು ಪೇಟ ತೊಡಿಸಿದರು. ನನ್ನ ತಲೆಗೆ ಅದು ಸಣ್ಣದಾಗಿ, ಡಬ್ಬಿಗೆ ಇನ್ನಾವುದೋ ಡಬ್ಬಿಯ ಮುಚ್ಚಳವಿಟ್ಟಂತೆ ಕೂತಿತು. "ಬೇಕಂತಲೇ ಅಗಲ ಜಾಸ್ತಿ ಮಾಡಿ ದಪ್ಪ ಕಮ್ಮಿ ಮಾಡಿಸಿದ್ದಾರೆ ನಮ್ಮ ಸಾರ್! ಆರನೇ ವಯಸ್ಸಿನಲ್ಲೇ ಇಡ್ಲಿಯ ಗಣಿತ ಕಂಡುಹಿಡಿದವರು!" ಎಂದು ಇರ್ಫಾನ್ ಮೈಕಿನಲ್ಲಿ ಕೂಗಿ ಅದನ್ನು ನನ್ನ ಕೈಗೆ ಕೊಟ್ಟ. ಅವನ ಮೇಲೆ ನನಗೆ ಕೋಪವಿಲ್ಲ. ಎದುರು ಸಂಘದವರ ಇಬ್ಬರು ಗೂಢಚಾರರು ಹಿಂದೆ ನಿಂತು ಇಡ್ಲಿ ತಿನ್ನುತ್ತಿದ್ದರು.

ಮೊದಲ ಸಾಲಿನಲ್ಲಿ ಅಕ್ಕ ಕೂತಿದ್ದಳು, ಮಡಿಲಲ್ಲಿ ತಟ್ಟೆ. ನಾನು ಹೇಳಬೇಕಾಗಿದ್ದದ್ದು ಎರಡೇ ವಾಕ್ಯ. ಆ ಮಗು ನಾನಲ್ಲ, ಅಗೋ ಅವಳು. ಈ ತಟ್ಟೆ ಅಗಲವಾದದ್ದು ನನ್ನ ತಪ್ಪಿನಿಂದ. ಇಷ್ಟೇ. ಬಾಯಿ ತೆರೆದೆ.

"ಇದರಲ್ಲಿ ನನ್ನದೇನೂ ಇಲ್ಲ. ಇದಕ್ಕೆಲ್ಲ ನಮ್ಮ ಅಕ್ಕನೇ ಕಾರಣ," ಎಂದೆ.

ಗಮನಿಸಿ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸನ್ಮಾನವಾದಾಗ ಎಲ್ಲರೂ ಹೇಳುವ ಮಾತು ಇದು, ಯಾರೂ ನಂಬುವುದಿಲ್ಲ, ಅದಕ್ಕೇ ಹೇಳಿದೆ. ಸಭೆಯವರು ಆಹಾ, ಎಂಥ ವಿನಯ ಎಂದು ಇನ್ನೂ ಜೋರಾಗಿ ತಟ್ಟಿದರು. ನಾನು ನನ್ನನ್ನು ಅರ್ಧ ಮಾಡಿಕೊಂಡಷ್ಟೂ ಅವರ ಕಣ್ಣಲ್ಲಿ ನಾಲ್ಕರಷ್ಟಾಗುತ್ತಿದ್ದೆ. ಅಕ್ಕನೂ ಚಪ್ಪಾಳೆ ತಟ್ಟಿದಳು.

ಸಂಜೆ ಅವಳನ್ನು ಕ್ಯಾಬಿನಲ್ಲಿ ಲೋಧಿ ಕಾಲೋನಿಗೆ ಬಿಡಲು ಹೋದೆ. ಯಮುನೆ ದಾಟುವಾಗ, "ಚೆನ್ನಾಗಿ ಮಾತಾಡಿದೆ ಕಣೋ," ಎಂದಳು. ಅವಳ ದನಿಯಲ್ಲಿ ಕೊಂಕು ಇದೆಯೇ ಎಂದು ಬಹಳ ಹುಡುಕಿದೆ. ಸಿಕ್ಕಿದ್ದರೆ ಚೆನ್ನಾಗಿತ್ತು. ಆಮೇಲೆ ಏನೋ ನೆನಪಾದಂತೆ ಮಡಿಲ ತಟ್ಟೆಯ ಮೇಲೆ ತನ್ನ ಅಂಗೈಯಿಟ್ಟು ಬೆರಳು ಬಿಚ್ಚಿದಳು. ಈಚೆಗೆ ಅವಳಿಗೆ ಕೀಲುನೋವು, ಕೈ ಪೂರ್ತಿ ಬಿಚ್ಚಲು ಬರುವುದಿಲ್ಲ. ಹೆಬ್ಬೆರಳು ಈ ಅಂಚಿನಲ್ಲಿ, ಕಿರುಬೆರಳು ಆ ಅಂಚಿನಲ್ಲಿ ನಿಂತಿತು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಅರೆ, ನೋಡೋ! ಮತ್ತೆ ಸರಿಹೋಯ್ತು!" ಎಂದು ನಕ್ಕಳು.

ನಾನು ಕಿಟಕಿಯಾಚೆ ನೋಡಿದೆ. ಹೊಗೆಯಲ್ಲಿ ಏನೂ ಕಾಣುತ್ತಿರಲಿಲ್ಲ.

ಅನುಮಾನ ಪಡುವವನ ಹಣೆಬರಹ ನೋಡಿ: ಇಷ್ಟಾದ ಮೇಲೂ ಒಂದು ವಾರ ಅಕ್ಕನ ಮಾತನ್ನು ಪರೀಕ್ಷಿಸಿದೆ. ನಮ್ಮ ಮಹಡಿಯಲ್ಲಿರುವ ಮೂರೂವರೆ ವರ್ಷದ ಪಾಪುವನ್ನು ಲಿಫ್ಟಿನ ಹತ್ತಿರ ನಿಲ್ಲಿಸಿ ಕಾಗದದ ಮೇಲೆ ಅಂಗೈ ಬಿಚ್ಚಿಸಿ ಗೆರೆ ಎಳೆದೆ. ಗಾರ್ಡು ಬಂದು ನನ್ನ ಫ್ಲ್ಯಾಟಿನ ನಂಬರು ಕೇಳಿದ. ಹನ್ನೊಂದು ಸೆಂಟಿಮೀಟರು. ಆಮೇಲೆ ಇರ್ಫಾನನ ಹತ್ತು ವರ್ಷದ ಮಗಳದ್ದು: ಹದಿನೈದು. ಸಾಕ್ಷಿ ಕೇಳುವವನಿಗೆ ಸಾಕ್ಷಿ ಸಿಕ್ಕರೆ ಆಗುವ ಸಂತೋಷ ನನಗೆ ಆಗಲಿಲ್ಲ.

ಅಕ್ಕ ಕ್ವಾರ್ಟರ್ಸು ಬಿಟ್ಟು ನಮ್ಮ ಪಕ್ಕದ ಟವರಿಗೆ ಬಂದಳು. ಆಗಸ್ಟಿನಲ್ಲಿ ಹೊಸ ಮಕ್ಕಳು ಬಂದರು. ಮೊದಲ ತರಗತಿಯ ದಿನ ಬೆಳಿಗ್ಗೆ ಅವಳ ಮನೆಯ ಗಂಟೆ ಒತ್ತಿ, "ಹೊರಡು, ತಟ್ಟೆ ತಗೋ" ಎಂದೆ. ಎಲ್ಲಿಗೆ ಎಂದು ಕೇಳಲಿಲ್ಲ. ಇಸ್ತ್ರಿ ಮಾಡಿದ ಆಫೀಸಿನ ಸೀರೆ ಉಟ್ಟುಕೊಂಡು ಬಂದಳು. ಮೆಟ್ರೋದಲ್ಲಿ ನಾನು ಸೀಟು ಅಳೆಯಲಿಲ್ಲ.

ಹಿಂದಿನ ಬೆಂಚಿನಲ್ಲಿ ಅವಳು ಕೂತಳು. ಮಕ್ಕಳು ಯಾರೋ ಇನ್‌ಸ್ಪೆಕ್ಷನ್ನಿಗೆ ಬಂದವರಿರಬೇಕೆಂದು ನೆಟ್ಟಗಾದರು. ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟೆ. ಇಷ್ಟು ವರ್ಷ ನಿದ್ದೆಯಲ್ಲೂ ಹೇಳಬಲ್ಲವನಾಗಿದ್ದ ಕಥೆ ಮೊದಲ ವಾಕ್ಯಕ್ಕೇ ತೊದಲಿತು. "ನನ್ನ ಅಕ್ಕನಿಗೆ ಹತ್ತು ವರ್ಷವಾಗಿದ್ದಾಗ..." ಎಂದು ಶುರು ಮಾಡಿದೆ. ಬೀಗರು, ಹನ್ನೆರಡು ತಟ್ಟೆ, ಖಾಲಿಯಾದ ಪಾತ್ರೆ, ಅವಳ ಗೇಣು, ಎಂಟು ಬಟ್ಟಲು ನೀರು, ಈರುಳ್ಳಿ. ಈರುಳ್ಳಿಯನ್ನೂ ಬಿಡಲಿಲ್ಲ. ಅಲ್ಲಿ ಮಕ್ಕಳು ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನ ಒಬ್ಬ ಹುಡುಗಿ ತಿರುಗಿ ಹಿಂದಿನ ಬೆಂಚನ್ನು ನೋಡಿದಳು. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಅಕ್ಕ ಸೆರಗು ಸರಿಮಾಡಿಕೊಂಡಳು.

ಆಗ ಆ ಹುಡುಗಿ ನನ್ನ ಕಡೆ ತಿರುಗಿ, "ಸರ್, ಔರ್ ಆಪ್? ಆಪ್ ಉಸ್ ವಕ್ತ್ ಕಹಾಂ ಥೇ?" ಎಂದು ಕೇಳಿದಳು.

ಆಗ ನಾನೆಲ್ಲಿದ್ದೆ ಎಂಬುದಕ್ಕೆ ಉತ್ತರ ಹುಡುಕುತ್ತಿದ್ದೆ. ಇಂಥ ಪ್ರಶ್ನೆಗೆ ಗೌರವವಾಗಿ ಹೇಳಬಹುದಾದ ಮಾತು ಒಂದಾದರೂ ಇರಬೇಕು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಮೂವತ್ತೊಂಬತ್ತು ವರ್ಷ ಸಚಿವಾಲಯದಲ್ಲಿ ಪಳಗಿದ ಹಿಂದಿ ಕೇಳಿಸಿತು.

"ಇಡ್ಲಿ ಕೇ ಘೋಲ್ ಮೇ ಬೈಠಾ ಥಾ," ಎಂದಳು ಅಕ್ಕ; ಹಿಟ್ಟಿನೊಳಗೆ ಕೂತಿದ್ದನಂತೆ. ಮಕ್ಕಳು ನಗಲು ಶುರು ಮಾಡುವವರೆಗೆ ಕಾದು, ಕಡತಕ್ಕೆ ಕೊನೆಯ ಸಹಿ ಹಾಕುವವಳ ಗಾಂಭೀರ್ಯದಿಂದ ಇನ್ನೊಂದು ಪದ ಸೇರಿಸಿದಳು:

"ನಂಗಾ."